ಬೆಳ್ಳಿಗಡಕ್ಕೆ ಆಕಾಶದ ದಾರಿ

"ನಮ್ಮ ಶಂಖಪುರಕ್ಕೂ ಬೆಳ್ಳಿಗಡಕ್ಕೂ ಇರುವ ದೂರದ ಬಗ್ಗೆ ರಾಜಕುಮಾರಿ ಕನಕಮಾಲೆ ಮೂರು ಒಗಟು ಹಾಕುತ್ತಾಳೆ. ಮೂರನ್ನೂ ಬಿಡಿಸಿದವನಿಗೆ ಅವಳೇ ಹೆಂಡತಿ. ಒಂದು ತಪ್ಪಿದರೂ ಹುಣ್ಣಿಮೆಯ ದಿನ ತಲೆದಂಡ," ಎಂದು ಅರಸ ಡಂಗುರ ಹೊಡೆಸಿದ.

ಬೆಳ್ಳಿಗಡ ಒಂದು ತಿಂಗಳ ದಾರಿ. ಅರಸನ ಹಿರಿಮಗಳು ಹೊನ್ನಮಾಲೆಯನ್ನು ಕೊಟ್ಟ ಊರು. ಆದರೆ ಎರಡು ವರ್ಷದಿಂದ ಅರಮನೆಯಲ್ಲಿ ಅವಳ ಹೆಸರೆತ್ತುವ ಹಾಗಿರಲಿಲ್ಲ. ಯಾಕೆಂದು ಅರಸನಿಗೆ ಗೊತ್ತು, ಕಿರಿಮಗಳು ಕನಕಮಾಲೆಗೆ ಗೊತ್ತು, ಅಷ್ಟೆ.

ಮೊದಲು ನೆರೆರಾಜ್ಯದ ಯುವರಾಜ ಬಂದ.

"ಎಷ್ಟು ಸಲ ದಾಟಿದರೂ ಸವೆಯದ, ಹೆಜ್ಜೆಗುರುತು ಉಳಿಯದ ದಾರಿ ಯಾವುದು?" ಎಂದಳು ಕನಕಮಾಲೆ.

"ಹೊಳೆ," ಎಂದ. ಅವನನ್ನು ಸೆರೆಗೆ ಕಳಿಸಿದರು.

ಮಂತ್ರಿಯ ಮಗ "ಆಕಾಶ" ಎಂದು ಮೊದಲನೆಯದನ್ನು ಗೆದ್ದ. ಅವಳು ಎರಡನೆಯದನ್ನು ಕೇಳಿದಳು. "ಬೆಳ್ಳಿಗಡಕ್ಕೆ ಹೋಗುವಾಗ ಒಂದು ತಿಂಗಳು, ಬರುವಾಗ ಒಂದೇ ಹಗಲು. ಯಾರು?"

"ಲಾಯದ ನೆನಪಾದ ಕುದುರೆ," ಎಂದ. ಮಂತ್ರಿ ತಲೆ ತಗ್ಗಿಸಿದ. ಮಗ ಸೆರೆಗೆ ಹೋದ.

ಮೂರನೆಯವನು ಊರಾಚೆ ಪಾರಿವಾಳ ಸಾಕಿಕೊಂಡಿದ್ದ ಕೆಂಚ. "ತಲೆ ಗಟ್ಟಿಯಿದೆ ಅಂತ ಬಂಡೆಗೆ ಹಾಯಬೇಡ ಮಗಾ," ಎಂದು ಅವನ ತಾಯಿ ಹೇಳಿ ನೋಡಿದ್ದಳು. ಹೇಳಿದ ಮಾತು ಕೇಳುವ ಮಕ್ಕಳಿದ್ದರೆ ಕತೆಗಳೇ ಇರುತ್ತಿರಲಿಲ್ಲ.

"ದಾರಿ ಆಕಾಶ. ಹೋಗಿ ಬರೋದು ಪಾರಿವಾಳ, ಅಮ್ಮಣ್ಣಿ," ಎಂದ ಕೆಂಚ. "ಹೋಗುವಾಗ ಬುಟ್ಟೀಲಿ ಕೂತು ಗಾಡಿಮೇಲೆ ಹೋಗ್ತದೆ. ಬರುವಾಗ ಬೆಟ್ಟ ಬಳಸಲ್ಲ, ದೋಣಿ ಕಾಯಲ್ಲ. ನೆಟ್ಟಗೆ ಹಾರಿ ಬರ್ತದೆ."

ಕನಕಮಾಲೆ ತಂದೆಯ ಕಡೆಗೊಮ್ಮೆ ನೋಡಿ ಮೂರನೆಯದನ್ನು ಕೇಳಿದಳು. ಅದರ ಉತ್ತರ ಅವಳಿಗೂ ಗೊತ್ತಿರಲಿಲ್ಲ.

"ಗೌರಿಹಬ್ಬದಲ್ಲಿ ಹೊಳೆ ತುಂಬಿತ್ತು. ತಂದೆ ಮಗಳಿಗೆ ತವರಿನ ಅರಿಸಿನ ಕುಂಕುಮವನ್ನು ಅರಮನೆಯ ಪಾರಿವಾಳದ ಕಾಲಿಗೆ ಕಟ್ಟಿ ಹಾರಿಬಿಟ್ಟ. ಸಂಜೆಗೆ ಹಕ್ಕಿ ಅದೇ ಪೊಟ್ಟಣ ಹೊತ್ತು ಮರಳಿತು. ಮರುವರ್ಷವೂ ಹಾಗೇ. ಆ ಕುಂಕುಮವನ್ನು ಬೇಡವೆಂದವರು ಯಾರು?"

ಅರಸ ಮುಖ ತಿರುಗಿಸಿದ. ಕೆಂಚ ಅವನನ್ನೇ ನೋಡಿ ಹೇಳಿದ.

"ಯಾರೂ ಬೇಡ ಅನ್ನಲಿಲ್ಲ ಬುದ್ಧೀ. ಹಕ್ಕಿ ಅಲ್ಲಿಗೆ ಹೋಗೇ ಇಲ್ಲ, ಒಂದೇ ಹಗಲಲ್ಲಿ ಹೋಗಿ ಬರೋಕೂ ಆಗಲ್ಲ. ಎಲ್ಲಿ ಬಿಟ್ರೂ ಅದು ತನ್ನ ಗೂಡಿಗೇ ಬರ್ತದೆ. ನಿಮ್ಮ ಹಕ್ಕಿ ಗೂಡು ನಿಮ್ಮ ಮಾಳಿಗೆ ಮೇಲಿದೆ. ಊರಮೇಲೆ ಸುತ್ತಿ, ಸಂಜೆಗೆ ಕಾಳು ತಿನ್ನೋಕೆ ಬಂತು. ದೊಡ್ಡಮ್ಮಣ್ಣಿ, ತವರಿಗೆ ನಾನು ಬೇಡವಾದೆ ಅಂತ, ಅಲ್ಲಿ ಅಳ್ತಿರಬಹುದು."

ಅರಸ ಸಿಂಹಾಸನದಿಂದಿಳಿದು ಮೆಟ್ಟಿಲ ಮೇಲೆ ಕುಳಿತುಬಿಟ್ಟ. ಎರಡು ವರ್ಷದ ಸಿಟ್ಟು ಯಾರ ಮೇಲೆಂದು ಅವನಿಗೆ ತಿಳಿಯದಾಯಿತು.

ಸೆರೆಯಲ್ಲಿದ್ದವರನ್ನು ಬಿಟ್ಟರು. ಮದುವೆಯ ಮಾತು ಬಂದಾಗ ಕೆಂಚ, "ಮೊದಲು ಕುಂಕುಮ," ಎಂದು ಅರಮನೆಯ ಒಂದು ಪಾರಿವಾಳವನ್ನು ಬುಟ್ಟಿಯಲ್ಲಿಟ್ಟುಕೊಂಡು ಗಾಡಿ ಹತ್ತಿದ.

ತಿಂಗಳಾದ ಮೇಲೆ ಒಂದು ಸಂಜೆ ಹಕ್ಕಿ ಮಾಳಿಗೆಯ ಮೇಲಿಳಿಯಿತು. ಕಾಲಿಗೆ ಹೊನ್ನಮಾಲೆಯ ಸೀರೆಯಂಚಿನ ಚೂರೊಂದನ್ನು ಕಟ್ಟಿದ್ದರು, ಒಳಗೆ ಚಿಟಿಕೆ ಕುಂಕುಮ. ಆಳುಗಳನ್ನು ಕರೆಯದೆ ಅರಸನೇ ಗಂಟು ಬಿಚ್ಚಿ ಅದನ್ನು ಹಣೆಗಿಟ್ಟುಕೊಂಡು ಅತ್ತ.

ಕನಕಮಾಲೆ ಮಾತ್ರ ಕೆಳಗಿನ ಗಾಡಿದಾರಿಯನ್ನೇ ನೋಡುತ್ತ ನಿಂತಳು. ಕೆಂಚನಿಗೆ ರೆಕ್ಕೆಯಿರಲಿಲ್ಲ. ಅವನು ಬರಲು ಇನ್ನೂ ಒಂದು ತಿಂಗಳಿತ್ತು. ಬೆಳ್ಳಿಗಡ ಎಷ್ಟು ದೂರವೆಂದು ಅವಳಿಗೆ ಆಗ ತಿಳಿಯಿತು.