ಮುಳುಗದ ಎಣ್ಣೆ

ಹೊನ್ನೇಗುಂದದ ಆಸ್ಥಾನಕ್ಕೆ ಒಂದೇ ಒಂದು ಕಟ್ಟಳೆ: ಸಭೆಯಲ್ಲಿ ಕಂಡದ್ದನ್ನೇ ಹೇಳಬೇಕು. ದೊರೆ ಭೈರಸಿಂಹನ ಅಜ್ಜ ಮಾಡಿದ ಕಟ್ಟಳೆ. ಮೊಮ್ಮಗನ ಕಾಲಕ್ಕೆ ಅದನ್ನು ಮುರಿಯದವರು ಯಾರೂ ಉಳಿದಿರಲಿಲ್ಲ, ವಿದೂಷಕ ಬೊಮ್ಮರಸನೊಬ್ಬನನ್ನು ಬಿಟ್ಟು.

ಅರಮನೆಯ ಗಾಜಿನ ಬಟ್ಟಲುಗಳಲ್ಲಿ ಅರ್ಧ ನೀರು ತುಂಬಿ, ಮೇಲೆ ಎಣ್ಣೆ ಹೊಯ್ದು, ಬತ್ತಿ ತೇಲಿಬಿಟ್ಟು ದೀಪ ಹಚ್ಚುವುದು ವಾಡಿಕೆ. ಒಂದು ದಿನ ದೊರೆಯ ಕಣ್ಣು ಅದರ ಮೇಲೆ ಬಿತ್ತು.

"ಏನಿದು ಅನ್ಯಾಯ! ನನ್ನ ಸಭೆಯಲ್ಲಿ ತೂಕದವರು ಮೇಲೆ, ಹಗುರದವರು ಕೆಳಗೆ. ನೀರು ಎಣ್ಣೆಗಿಂತ ಭಾರ, ಅದು ತಳದಲ್ಲಿ ಬಿದ್ದಿರಬೇಕೆ? ಇಂದಿನಿಂದ ನೀರು ಮೇಲೆ, ಎಣ್ಣೆ ಕೆಳಗೆ. ನನ್ನ ಅಪ್ಪಣೆ!"

ದೀಪದ ಸಾಕವ್ವ ಹೆದರುತ್ತಲೇ ಮೊದಲು ಎಣ್ಣೆ ಹೊಯ್ದು, ಆಮೇಲೆ ನೀರು ಸುರಿದಳು. ಎಣ್ಣೆ ಮೆಲ್ಲಗೆ ಮೇಲೆದ್ದು ಬಂತು.

"ಬುದ್ಧೀ, ಇದು ಕೇಳಾಕಿಲ್ಲ ಅಂತದೆ," ಎಂದಳು.

"ನನ್ನ ಅಪ್ಪಣೆ ಕೇಳುವುದಿಲ್ಲವೆ? ಮಂತ್ರಿಗಳೇ, ನೀವು ನೋಡಿ ಹೇಳಿ. ಇವಳದು ಸುಳ್ಳಾದರೆ ಸಂಜೆಯೊಳಗೆ ಗಡೀಪಾರು."

ಮಂತ್ರಿ ದೇಚಣ್ಣ ಬಗ್ಗಿ ನೋಡಿದ. "ಆಹಾ! ಎಣ್ಣೆ ತಳ ಸೇರಿಬಿಟ್ಟಿದೆ, ಪ್ರಭು. ಮೇಲೆ ಬರೀ ತಿಳಿನೀರು."

"ತಳವೇ? ತಳಕ್ಕಿಂತಲೂ ಕೆಳಗಿದೆ!" ಎಂದ ರಾಜವೈದ್ಯ.

"ತಮ್ಮನ್ನು ಕಂಡು ನಾಚಿ ಮುಳುಗಿದೆ," ಎಂದರು ಪುರೋಹಿತ ನರಹರಿ ಭಟ್ಟರು. ಸಭೆಗೆ ಸಭೆಯೇ ತಲೆಯಾಡಿಸಿತು.

ಸಾಕವ್ವನ ಕಣ್ಣು ತುಂಬಿತು. ಬೊಮ್ಮರಸನಿಗೆ ಮೈಯೆಲ್ಲ ಉರಿಯಿತು. ಆದರೂ ನಗುತ್ತಲೇ ಎದ್ದು ಕೈಮುಗಿದ.

"ಪ್ರಭು, ಇಂಥ ಪವಾಡಕ್ಕೆ ಸಾಕ್ಷಿ ಗಟ್ಟಿಯಾಗಿರಬೇಕು. ಮಂತ್ರಿಗಳು ತಮ್ಮ ಶಾಲಿನ ತುದಿಯನ್ನು ಬಟ್ಟಲಿನ ಮೇಲ್ಮೈಗೆ ತಾಗಿಸಿ ನೆನೆಸಲಿ. ನಾನು ಅದಕ್ಕೆ ಪಂಜು ಹಿಡಿಯುತ್ತೇನೆ. ಮೇಲಿರುವುದು ನೀರಾದರೆ ಒದ್ದೆ ಬಟ್ಟೆಗೆ ಬೆಂಕಿ ಹತ್ತುವುದಿಲ್ಲ."

ದೇಚಣ್ಣ ಶಾಲಿನ ತುದಿಯನ್ನು ಬಿಗಿಹಿಡಿದ. "ಶಾಲು ತೆಗೆದಿಟ್ಟು ಅದ್ದಲೇ?"

"ಯಾಕೆ ಸ್ವಾಮಿ, ತಿಳಿನೀರಲ್ಲವೆ? ಹೊದ್ದುಕೊಂಡೇ ಅದ್ದಿ."

"ನನಗೆ... ನನಗೆ ನೆಗಡಿ. ಒದ್ದೆ ಆಗಿಬರುವುದಿಲ್ಲ. ವೈದ್ಯರು ಅದ್ದಲಿ."

ವೈದ್ಯ ಆಗಲೇ ಕಂಬದ ಹಿಂದಿದ್ದ. "ನನ್ನದು ಮಡಿ! ಮಡಿ!" ಎನ್ನುತ್ತ ಭಟ್ಟರು ನಾಲ್ಕು ಹೆಜ್ಜೆ ಹಿಂದೆ ಸರಿದರು.

ಬೊಮ್ಮರಸ ಎತ್ತಿ ಹಿಡಿದ ಪಂಜು ಹಿಡಿದ ಹಾಗೇ ಇತ್ತು. ಶಾಲುಗಳೆಲ್ಲ ಕಂಕುಳು ಸೇರಿದ್ದವು. ದೊರೆ ಬಟ್ಟಲನ್ನೊಮ್ಮೆ ನೋಡಿದ, ಮಂತ್ರಿಯನ್ನೊಮ್ಮೆ ನೋಡಿದ, ಗಹಗಹಿಸಿ ನಕ್ಕುಬಿಟ್ಟ.

"ಸಾಕವ್ವ, ನೀನು ಎಲ್ಲಿಗೂ ಹೋಗಬೇಡ!" ಎಂದು, ತನ್ನ ಜರತಾರಿ ಶಾಲನ್ನೇ ತೆಗೆದು ಬೊಮ್ಮರಸನ ಹೆಗಲಿಗೆ ಹೊದಿಸಿದ. ಹೊದಿಸುತ್ತಲೇ ಕಿವಿಯ ಹತ್ತಿರ ಬಾಗಿದ.

"ಆದರೂ ರಾಜನ ಮಾತು ಕೆಳಗೆ ಬೀಳಬಾರದು, ನೋಡು. ಎಲ್ಲರೆದುರು ಒಂದೇ ಒಂದು ಸಲ 'ಮುಳುಗಿತು' ಅಂದುಬಿಡು. ಒಂದು ಊರನ್ನೇ ಉಂಬಳಿ ಕೊಡುತ್ತೇನೆ."

"ಪ್ರಭು," ಎಂದ ಬೊಮ್ಮರಸ, ಎಲ್ಲರಿಗೂ ಕೇಳುವ ಹಾಗೆ, "ಆ ಉಂಬಳಿಯನ್ನು ಮೊದಲು ಎಣ್ಣೆಗೆ ಕೊಟ್ಟು ನೋಡಿ. ಅದರ ಆಸೆಗೆ ಎಣ್ಣೆ ಮುಳುಗಿದರೆ ನಾನೂ ಮುಳುಗಿತು ಅನ್ನುತ್ತೇನೆ."

ಹೆಗಲ ಮೇಲಿನ ಶಾಲನ್ನು ತೆಗೆದು ಮಡಿಚಿ ಸಿಂಹಾಸನದ ಮೆಟ್ಟಿಲ ಮೇಲಿಟ್ಟು, ತನ್ನ ಜಾಗಕ್ಕೆ ಹೋಗಿ ಕೂತ.