ಗೂಡಿನಲ್ಲಿ ಉಳಿದ ಉಂಡೆಗಳು

ಆಶ್ರಮದಲ್ಲಿ ಇಲಿ ಸಾಕಿದ್ದರು ಅಂದರೆ ನಗಬೇಡಿ. ನಗುವ ಕಥೆಯಲ್ಲ ಇದು.

ಹೊಳೆದಂಡೆಯ ಆ ಆಶ್ರಮದ ಅಡವಯ್ಯ ಗುರುಗಳು ಊರೂರಿಗೆ ಮದ್ದು ಕೊಟ್ಟವರು. ಕಡೆಗೆ ಅವರ ಲಿವರಿನಲ್ಲೇ ಕೊಬ್ಬು ತುಂಬಿಕೊಂಡಿತು. ಆಮೇಲೆ ಅದು ಗಟ್ಟಿಯಾಗತೊಡಗಿತು. ಪೇಟೆಯ ಡಾಕ್ಟರು ಕೈಚೆಲ್ಲಿದರು.

ಶಿಷ್ಯೆ ದಾಕ್ಷಾಯಣಿ ಮಾತ್ರ ಬಿಡಲಿಲ್ಲ. ನೆಲನೆಲ್ಲಿಯಿಂದ ಸತ್ವ ತೆಗೆದಳು. ಇಪ್ಪತ್ತು ಇಲಿಗಳಿಗೆ ಲಿವರಿಗೆ ಕೊಬ್ಬೇರಲೆಂದು ಡಾಲ್ಡಾ ಕಲಸಿದ ಹಿಟ್ಟಿನ ಉಂಡೆ ಇಟ್ಟಳು. ಹತ್ತು ಇಲಿಗಳ ಉಂಡೆಗೆ ಮಾತ್ರ ಆ ಸತ್ವ ಬೆರೆಸಿದಳು.

ದಿನಾ ಬೆಳಿಗ್ಗೆ ಗೂಡು ಗುಡಿಸುವವರು ಗುರುಗಳೇ. ನಿಲ್ಲಲು ತ್ರಾಣವಿಲ್ಲ, ಆದರೂ ಪೊರಕೆ ಬಿಡರು.

"ನನಗೋಸ್ಕರ ಸಾಯೋ ಜೀವಗಳಮ್ಮ. ಇಷ್ಟಾದ್ರೂ ಮಾಡ್ತೀನಿ."

ಆರು ವಾರವಾಯಿತು. ದಾಕ್ಷಾಯಣಿ ಇಲಿಗಳನ್ನು ಕೊಯ್ದು ನೋಡಿದಳು. ಬರೀ ಉಂಡೆ ತಿಂದವುಗಳ ಲಿವರು ಹಳದಿಗಟ್ಟಿ ಊದಿತ್ತು. ಸತ್ವದ ಉಂಡೆಯವು ಕೆಂಪಗೆ, ಚೊಕ್ಕವಾಗಿದ್ದವು.

ಓಡಿ ಬಂದಳು. "ಗುರುಗಳೇ, ಮದ್ದು ಸಿಕ್ತು! ನೀವು ಉಳೀತೀರಿ!"

ಗುರುಗಳು ನಗಲಿಲ್ಲ. ಸತ್ವದ ಉಂಡೆಯೊಂದನ್ನು ಅವಳ ಕೈಗಿಟ್ಟರು.

"ತಿನ್ನು."

ಬಾಯಿಗಿಟ್ಟವಳೇ ಉಗುಳಿದಳು. "ಥೂ! ನಾಲಿಗೆ ಮೇಲೆ ಇಡೋಕಾಗಲ್ಲ, ಅಷ್ಟು ಕಹಿ."

ಗುರುಗಳು ಬಾಗಿಲ ಹಿಂದಿನಿಂದ ಒಂದು ಚೀಲ ಎಳೆದು ತಂದು ಸುರಿದರು. ಅಷ್ಟೂ ಸತ್ವದ ಉಂಡೆಗಳು. ಕೆಲವಕ್ಕೆ ಹಲ್ಲಿನ ಗುರುತೂ ಇರಲಿಲ್ಲ.

"ಆ ಹತ್ತು ಗೂಡಿನಲ್ಲಿ ಗುಡಿಸಿದ್ದು. ಮಿಕ್ಕ ಹತ್ತರಲ್ಲಿ ಒಂದು ಚೂರೂ ಉಳೀತಿರಲಿಲ್ಲ."

ದಾಕ್ಷಾಯಣಿ ನೆಲದ ಮೇಲೆ ಕೂತು ಒಂದೊಂದೇ ಉಂಡೆ ಎತ್ತಿ ನೋಡಿದಳು. ಆ ಇಲಿಗಳು ಜೀವ ಹಿಡಿಯುವಷ್ಟು ಮಾತ್ರ ತಿಂದಿದ್ದವು. ಕೊಬ್ಬು ಕಟ್ಟದೆ ಉಳಿದದ್ದು ಹಸಿವಿನಿಂದ. ಮದ್ದು ಏನು ಮಾಡಿತೋ, ದೇವರಿಗೇ ಗೊತ್ತು.

"ಹಾಗಾದ್ರೆ ಉಪವಾಸನೇ..." ಅಂದಳು, ಆಸೆ ಬಿಡಲಾರದೆ.

"ಅನ್ನ ಸೇರದೆ ನನಗೆ ಎರಡು ತಿಂಗಳಾಯ್ತು ತಾಯಿ. ಉಪವಾಸದಿಂದ ವಾಸಿಯಾಗೋ ಹಂತ ದಾಟಿಹೋಯ್ತು."

"ಇನ್ನೊಂದ್ಸಲ ಮಾಡ್ತೀನಿ! ಈ ಸಲ ನಳಿಗೆಯಲ್ಲಿ ನೇರ ಹೊಟ್ಟೆಗೇ ಬಿಡ್ತೀನಿ. ಇನ್ನಾರು ವಾರ..."

ಗುರುಗಳ ಊದಿದ ಕಾಲು ಅವಳ ಕಣ್ಣೆದುರಿಗೇ ಇತ್ತು. ಆರು ವಾರ ಅವರಲ್ಲಿ ಉಳಿದಿರಲಿಲ್ಲ.

ದುಃಖ ಒತ್ತರಿಸಿ ಬಂತು. ಅದರ ಹಿಂದೆಯೇ ಸಿಟ್ಟೂ ಬಂತು.

"ದಿನಾ ಗುಡಿಸಿದವರು ನೀವು. ಮೊದಲನೇ ದಿನವೇ ನಿಮಗೆ ತಿಳಿದಿರುತ್ತೆ. ಯಾಕೆ ಹೇಳಲಿಲ್ಲ? ಹೇಳಿ ಗುರುಗಳೇ, ಯಾಕೆ?"

ಗುರುಗಳು ಬಗ್ಗಿ ಚೆಲ್ಲಿದ ಉಂಡೆಗಳನ್ನು ಮತ್ತೆ ಚೀಲಕ್ಕೆ ತುಂಬತೊಡಗಿದರು.

"ಈ ಮದ್ದೂ ಸುಳ್ಳು ಅಂತ ಒಪ್ಪೋಕೆ ಮನಸ್ಸಾಗಲಿಲ್ಲ. ಬದುಕೋ ಆಸೆ ನನಗೂ ಇತ್ತಲ್ಲಮ್ಮ."