ಕಲ್ಲುಬೆಂಚಿನ ಕೋಚ್

"ಗುರುಗಳೇ, ಒಂದು ಗೋಲು ಮುಂದಿರುವಾಗ ಹಿಂದೆ ಸರಿದು ಕಾಯಬೇಕೋ, ಇನ್ನೊಂದು ಗೋಲಿಗೆ ಮುನ್ನುಗ್ಗಬೇಕೋ?"

ಹೀಗೆ ಕೇಳಿದವನು ತಿಮ್ಮೇಶ. ಹಿಂದೆ ಗುರುಗಳ ಹತ್ತಿರ ಫುಟ್‌ಬಾಲ್ ಕಲಿತವನು. ಈಗ ತಾನೇ ಒಂದು ತಂಡದ ಕೋಚ್. ಮರುದಿನ ಅವನ ತಂಡಕ್ಕೆ ಫೈನಲ್ ಪಂದ್ಯ. ಗೆದ್ದರೆ ನೀವೇ ಕೋಚ್, ಸೋತರೆ ಬೇರೆಯವರನ್ನು ನೋಡಿಕೊಳ್ಳುತ್ತೇವೆ ಎಂದು ಕ್ಲಬ್ಬಿನವರು ಖಡಾಖಂಡಿತವಾಗಿ ಹೇಳಿಬಿಟ್ಟಿದ್ದರು. ನಿದ್ದೆಗೆಟ್ಟ ಕಣ್ಣಿನಲ್ಲಿ ಬಂದು ಕೂತಿದ್ದ.

ಗುರುಗಳು ನಕ್ಕರು. "ಈ ಪ್ರಶ್ನೆ ಕೇಳುವುದಕ್ಕೆ ಬಸ್ಸು ಹತ್ತಿ ಬಂದೆಯಾ? ಬಂದವನು ಹೊಟ್ಟೆಗೇನಾದರೂ ಹಾಕಿಕೊಂಡೆಯೋ ಇಲ್ಲವೋ? ಒಳಗೆ ಮಂಡಕ್ಕಿ ಇದೆ, ತೆಗೆದುಕೊಂಡು ಬಾ. ತಿನ್ನುತ್ತಾ ಕೇಳು" ಎಂದು ಒಂದು ಕತೆ ಹೇಳಿದರು.

ಒಂದು ಊರು. ಊರಿಗೊಂದು ನೂಲಿನ ಗಿರಣಿ. ಗಿರಣಿಗೊಂದು ಫುಟ್‌ಬಾಲ್ ತಂಡ. ತಂಡಕ್ಕೊಬ್ಬ ಕೋಚ್.

ಆ ಊರಿನಲ್ಲಿ ಒಂದು ಪದ್ಧತಿ ಇತ್ತು. ಪಂದ್ಯ ಮುಗಿದ ಮೇಲೆ ಕೋಚ್ ಆದವನು ನೆಟ್ಟಗೆ ಮನೆಗೆ ಹೋಗುವಂತಿರಲಿಲ್ಲ. ಮೈದಾನದ ಗೇಟಿನ ಹೊರಗೆ ಒಂದು ಕಲ್ಲುಬೆಂಚು. ಅದರ ಮೇಲೆ ಕೂರಬೇಕು. ಊರಿನವರು ಯಾರು ಏನು ಕೇಳಿದರೂ ಉತ್ತರ ಹೇಳಬೇಕು. ಎಲ್ಲರ ಪ್ರಶ್ನೆ ಮುಗಿದ ಮೇಲೆಯೇ ಏಳಬೇಕು. ಗೆದ್ದ ದಿನ ಪ್ರಶ್ನೆಯ ಜೊತೆಗೆ ಕಾಫಿ ಬರುತ್ತಿತ್ತು. ಸೋತ ದಿನ ಬರೀ ಪ್ರಶ್ನೆ. ಈ ಪದ್ಧತಿಯನ್ನು ಯಾರು ಮಾಡಿದರೋ ಯಾರಿಗೂ ತಿಳಿಯದು. ಆದರೆ ಜನಕ್ಕೆ ಅದು ಪಂದ್ಯಕ್ಕಿಂತ ರುಚಿ. ಆಟ ನೋಡಲು ಬಿಡುವಿಲ್ಲದವರೂ ಬೆಂಚಿನ ಹೊತ್ತಿಗೆ ತಪ್ಪದೆ ಹಾಜರಾಗುತ್ತಿದ್ದರು.

ಕೋಚ್ ಒಳ್ಳೆಯವನು. ಆಟ ಬಲ್ಲವನು. ಚೆಂಡು ಎಲ್ಲಿ ಹೋಗಿ ಬೀಳುತ್ತದೆ ಎಂಬುದು ಒದ್ದವನಿಗಿಂತ ಮೊದಲು ಅವನಿಗೆ ತಿಳಿಯುತ್ತಿತ್ತು. ಅವನು ಬಂದ ಹೊಸತರಲ್ಲಿ ಒಂದು ಪಂದ್ಯ ನಡೆಯಿತು. ತಂಡ ಒಂದು ಗೋಲು ಮುಂದಿತ್ತು. ಎದುರಾಳಿಗಳು ಸುಸ್ತಾಗಿದ್ದರು. ಈಗ ಬಿಟ್ಟರೆ ಸುಧಾರಿಸಿಕೊಳ್ಳುತ್ತಾರೆ ಎಂದು ಕೋಚ್ ಇನ್ನೂ ಇಬ್ಬರನ್ನು ಮುಂದಕ್ಕೆ ಕಳಿಸಿದ. ಯೋಚನೆ ಸರಿಯಾಗಿಯೇ ಇತ್ತು. ಆದರೆ ಹುಡುಗ ಒದ್ದ ಚೆಂಡು ಗೋಲಿನ ಕಂಬಕ್ಕೆ ಬಡಿದು ವಾಪಸು ಬಂತು. ಎದುರಾಳಿಗಳು ಅದನ್ನು ಹಿಡಿದು ಓಡಿದರು. ಒಂದರ ಹಿಂದೆ ಒಂದು, ಎರಡು ಗೋಲು ಬಿದ್ದವು. ತಂಡ ಸೋತಿತು.

ಆ ಸಂಜೆ ಬೆಂಚಿನ ಮೇಲೆ ಅವನು ಪಟ್ಟ ಪಾಡು ಶತ್ರುವಿಗೂ ಬೇಡ. ಆಟ ನೋಡಿದವರು ಕೇಳಿದರು. ನೋಡದವರು ಇನ್ನೂ ಜೋರಾಗಿ ಕೇಳಿದರು. ಮಾತಿಗೊಂದು ಗಾದೆ ಹೇಳುವ ಒಬ್ಬ ಮುದುಕ ಇದ್ದ. ಅವನು "ಆತುರಗಾರನಿಗೆ ಬುದ್ಧಿ ಮಟ್ಟ" ಎಂದ. ಇಡ್ಲಿ ಅಂಗಡಿಯ ಅಮ್ಮ ಹುಟ್ಟಿದಾಗಿನಿಂದ ಮೈದಾನದೊಳಗೆ ಕಾಲಿಟ್ಟವಳಲ್ಲ. ಅವಳೂ ಸೊಂಟದ ಮೇಲೆ ಕೈಯಿಟ್ಟುಕೊಂಡು ಬಂದಳು. "ಮುಂದೆ ಇದ್ರಲ್ಲ ಸಾರ್, ಸುಮ್ನೆ ಹಿಂದೆ ನಿಂತ್ಕೊಳ್ಳೋಕೆ ಏನಾಗಿತ್ತು ನಿಮ್ಗೆ?" ಎಂದಳು. ಕೋಚ್ ಬಳಿ ಉತ್ತರವಿತ್ತು. ಆದರೆ ಅದು ಉದ್ದದ ಉತ್ತರ. ಎದುರಾಳಿಯ ಉಸಿರು, ಗಾಳಿಯ ದಿಕ್ಕು, ತನ್ನ ಹುಡುಗನ ಓಟ, ಎಲ್ಲವನ್ನೂ ವಿವರಿಸಬೇಕು. ಅವನು ಗಾಳಿಯ ದಿಕ್ಕಿಗೆ ಬರುವಷ್ಟರಲ್ಲಿ ಜನ ಬೈಯಲು ಶುರುಮಾಡಿದ್ದರು.

ಮುಂದಿನ ಪಂದ್ಯದಲ್ಲೂ ತಂಡ ಒಂದು ಗೋಲು ಮುಂದಿತ್ತು. ಈ ಸಲ ಕೋಚ್ ಎಲ್ಲರನ್ನೂ ಹಿಂದಕ್ಕೆ ಕರೆದ. ಮದುವೆ ಛತ್ರದಲ್ಲಿ ಊಟದ ಮನೆಯ ಬಾಗಿಲಿಗೆ ಜನ ಮುತ್ತಿಕೊಂಡ ಹಾಗೆ ಹನ್ನೊಂದು ಜನವೂ ತಮ್ಮ ಗೋಲಿನ ಮುಂದೆ ಮುತ್ತಿಕೊಂಡರು. ಎದುರಾಳಿಗಳು ಒದ್ದರು, ಮತ್ತೆ ಒದ್ದರು, ಒದೆಯುತ್ತಲೇ ಇದ್ದರು. ಕೊನೆಗೆ ಎರಡು ಚೆಂಡು ಒಳಗೆ ಹೋದವು. ತಂಡ ಮತ್ತೆ ಸೋತಿತು.

ಕೋಚ್ ಬೆಂಚಿಗೆ ಬಂದು ಕೂತ. "ಮುಂದಿದ್ದೆವು. ಹಿಂದೆ ನಿಂತು ಕಾಯ್ದೆವು. ಎಲ್ಲರೂ ಮಾಡುವುದನ್ನೇ ನಾವೂ ಮಾಡಿದೆವು" ಎಂದ. ಜನ ತಲೆದೂಗಿದರು. ಪಾಪ, ಇವರಾದರೂ ಏನು ಮಾಡಿಯಾರು, ಹಣೆಬರಹ ಎಂದರು. ಗಾದೆ ಮುದುಕ "ತಾಳಿದವನು ಬಾಳಿಯಾನು" ಎಂದು ಸಮಾಧಾನ ಹೇಳಿದ. ಅವನಲ್ಲಿ ಎರಡೂ ಕಡೆಗೆ ಗಾದೆಗಳಿದ್ದವು. ಇಡ್ಲಿ ಅಮ್ಮ ಕಾಫಿ ಕಳಿಸಿದಳು. ಸೋತ ಕೋಚ್‌ಗೆ ಕಾಫಿ ಸಿಕ್ಕಿದ್ದು ಆ ಊರಿನಲ್ಲಿ ಅದೇ ಮೊದಲು.

ಆ ಕಾಫಿ ಇದೆಯಲ್ಲ ತಿಮ್ಮೇಶ, ಅದೇ ಅವನನ್ನು ಕೆಡಿಸಿತು.

ಅಲ್ಲಿಂದ ಮುಂದೆ ಎರಡು ದಾರಿ ಕಂಡಾಗಲೆಲ್ಲ, ಯಾವುದಕ್ಕೆ ಸಂಜೆ ಸುಲಭದ ಉತ್ತರ ಸಿಗುತ್ತದೆಯೋ ಆ ದಾರಿಯನ್ನೇ ಅವನು ಹಿಡಿದ. ಆಟ ನಡೆಯುತ್ತಿರುವಾಗಲೇ ಅವನ ತುಟಿ ಅಲ್ಲಾಡುತ್ತಿತ್ತು. ನಮಗಾಗಿ ಮಂತ್ರ ಹೇಳುತ್ತಿದ್ದಾರೆ ಎಂದು ಹುಡುಗರು ಭಕ್ತಿಯಿಂದ ನೋಡುತ್ತಿದ್ದರು. ಅವನು ಬೆಂಚಿನ ಉತ್ತರವನ್ನು ಬಾಯಿಪಾಠ ಮಾಡುತ್ತಿದ್ದ. ಯಾರಿಗೋ ಮೋಸ ಮಾಡುತ್ತಿದ್ದೇನೆ ಎಂದು ಅವನಿಗೆ ಅನ್ನಿಸಲೂ ಇಲ್ಲ. ಹುಷಾರಾಗಿದ್ದೇನೆ ಎಂದೇ ಅನ್ನಿಸಿತ್ತು.

ತಂಡ ಕೆಳಗಿಳಿಯುತ್ತಾ ಹೋಯಿತು. ಕೋಚ್‌ನ ಮರ್ಯಾದೆ ಮೇಲೇರುತ್ತಾ ಹೋಯಿತು. ತೂಕದ ಮನುಷ್ಯ, ಜವಾಬ್ದಾರಿ ತಿಳಿದವರು ಎಂದು ಊರೆಲ್ಲ ಹೊಗಳಿತು. ಊರಿನ ಸಂಘದವರು ಒಂದು ಸಮಾರಂಭ ಮಾಡಿ ಅವನಿಗೆ ಪೇಟ ತೊಡಿಸಿ, ಶಾಲು ಹೊದಿಸಿ, ಹಣ್ಣಿನ ಬುಟ್ಟಿ ಕೊಟ್ಟರು. "ಇಷ್ಟು ಅಚ್ಚುಕಟ್ಟಾಗಿ ಸೋಲುವವರನ್ನು ನಾನು ಕಂಡಿಲ್ಲ" ಎಂದು ಅಧ್ಯಕ್ಷರು ಭಾಷಣದ ಭರದಲ್ಲಿ ಹೇಳಿದರು. ಯಾರೂ ನಗಲಿಲ್ಲ. ಚಪ್ಪಾಳೆ ಹೊಡೆದರು. ಹುಡುಗರು ಹಿಂದಿನ ಸಾಲಿನಲ್ಲಿ ಕೂತು ಬುಟ್ಟಿಯ ಮೋಸಂಬಿ ಸುಲಿದು ತಿಂದರು.

ವರ್ಷದ ಕೊನೆಯ ಪಂದ್ಯ ಬಂತು. ಅದನ್ನು ಗೆಲ್ಲಲೇಬೇಕಿತ್ತು. ಸಮವಾದರೂ ತಂಡ ಕೆಳಗಿನ ದರ್ಜೆಗೆ ಬೀಳುತ್ತಿತ್ತು. ಬಿದ್ದರೆ ತಂಡವನ್ನೇ ಮುಚ್ಚಿಬಿಡುತ್ತೇವೆ ಎಂದು ಗಿರಣಿಯವರು ಹೇಳಿದ್ದರು. ಹುಡುಗರೆಲ್ಲ ಗಿರಣಿಯ ಕೆಲಸಗಾರರು. ಇಡೀ ದಿನ ಯಂತ್ರದ ಮುಂದೆ ನಿಂತವರು ಸಂಜೆಯ ಆಟಕ್ಕಾಗಿ ಕಾಯುತ್ತಿದ್ದರು. ತಂಡ ಹೋದರೆ ಅವರಿಗೆ ಉಳಿಯುವುದು ಯಂತ್ರ ಮಾತ್ರ.

ಪಂದ್ಯ ಶುರುವಾದ ಸ್ವಲ್ಪ ಹೊತ್ತಿಗೇ ಗಿರಣಿಯ ಹುಡುಗರು ಒಂದು ಗೋಲು ಹೊಡೆದರು. ಆಮೇಲೆ ಎದುರಾಳಿಗಳಲ್ಲಿ ಒಬ್ಬ ಗಿರಣಿಯ ಹುಡುಗನ ಕಾಲು ಹಿಡಿದು ಬೀಳಿಸಿದ್ದಕ್ಕೆ ರೆಫರಿ ಅವನಿಗೆ ಕೆಂಪು ಕಾರ್ಡು ತೋರಿಸಿ ಹೊರಗೆ ಕಳಿಸಿದ. ಉಳಿದದ್ದು ಹತ್ತು ಜನ. ಅವರೂ ಮಂಡಿಯ ಮೇಲೆ ಕೈಯೂರಿ ನಿಲ್ಲುತ್ತಿದ್ದರು. ಆದರೆ ಕೋಚ್ ಎಂದಿನಂತೆ ಎಲ್ಲರನ್ನೂ ಹಿಂದಕ್ಕೆ ಕರೆದಿದ್ದ. ಹುಡುಗರು ಚೆಂಡನ್ನು ದೂರ ಒದ್ದರೆ ಅಲ್ಲಿ ಹಿಡಿಯಲು ತಮ್ಮವರು ಯಾರೂ ಇಲ್ಲ. ಚೆಂಡು ಹೋದಷ್ಟೇ ಬೇಗ ವಾಪಸು ಬರುತ್ತಿತ್ತು. ಎರಡು ಸಲ ಗೋಲು ಕೂದಲೆಳೆಯಲ್ಲಿ ತಪ್ಪಿತು.

ತಂಡದ ನಾಯಕ ಬೂಟಿನ ಲೇಸು ಕಟ್ಟುವ ನೆಪ ಮಾಡಿಕೊಂಡು ಗೆರೆಯ ಹತ್ತಿರ ಬಂದು ಕೂತ.

"ಸಾರ್, ಅವ್ರಿಗೆ ಕಾಲೇ ಏಳ್ತಿಲ್ಲ. ಮುಂದಕ್ಕೆ ಹೋಗೋಕೆ ಬಿಡಿ ಸಾರ್. ಇಲ್ಲೇ ನಿಂತ್ರೆ ಒಂದಲ್ಲ ಒಂದು ಒಳಗೆ ಹೋಗೇ ಹೋಗತ್ತೆ."

"ಗೊತ್ತು ಕಣಪ್ಪಾ. ಆದ್ರೆ ಮುಂದಕ್ಕೆ ಹೋದಾಗ ಗೋಲು ಬಿದ್ರೆ ನಾನು ಏನಂತ ಹೇಳ್ಲಿ?"

"ಯಾರಿಗೆ ಸಾರ್?"

ನಾಯಕ ಚುಚ್ಚಬೇಕೆಂದು ಕೇಳಿದ್ದಲ್ಲ. ಅವನಿಗೆ ನಿಜವಾಗಿಯೂ ಅರ್ಥವಾಗಿರಲಿಲ್ಲ. ಮೈದಾನದಲ್ಲಿ ತಾವು ಹನ್ನೊಂದು ಜನ, ಅವರು ಹತ್ತು ಜನ, ಒಬ್ಬ ರೆಫರಿ. ಇವರಲ್ಲಿ ಯಾರಿಗೆ ಸಾರ್ ಏನು ಹೇಳಬೇಕಾಗಿದೆ ಎಂದು ಪಾಪ ಯೋಚಿಸುತ್ತಾ ಲೇಸನ್ನು ಬಿಚ್ಚಿ ಬಿಚ್ಚಿ ಕಟ್ಟುತ್ತಿದ್ದ.

ಕೋಚ್ ಬಾಯಿ ತೆರೆದ. ಬೆಂಚಿನ ಹೆಸರು ಹೇಳಲು ನಾಚಿಕೆಯಾಯಿತು. ಗೇಟಿನ ಕಡೆ ತಿರುಗಿದ. ಗಾದೆ ಮುದುಕ ಆಗಲೇ ಬೆಂಚಿನ ಪಕ್ಕದಲ್ಲಿ ಟವೆಲು ಹಾಸಿ ಜಾಗ ಹಿಡಿದಿದ್ದ. ಕೋಚ್‌ಗೆ ನಗು ಬಂತು. ಮತ್ತೆ ಮೈದಾನದ ಕಡೆ ತಿರುಗಿ, ಎಷ್ಟೋ ದಿನಗಳ ಮೇಲೆ ಆಟವನ್ನು ನೋಡಿದ. ಎದುರಾಳಿಗಳ ಎಡಗಡೆಯವನು ಕುಂಟುತ್ತಿದ್ದಾನೆ. ಮಧ್ಯದವನು ಓಡಬೇಕಾದಲ್ಲಿ ನಡೆಯುತ್ತಿದ್ದಾನೆ. ಇಷ್ಟೆಲ್ಲ ಕಣ್ಣೆದುರಿಗೇ ಇತ್ತು. ಅವನಿಗೆ ಹಳೆಯ ಸ್ನೇಹಿತ ಸಿಕ್ಕಷ್ಟು ಸಂತೋಷವಾಯಿತು.

"ಹೋಗ್ರೋ" ಎಂದ.

ಹುಡುಗರು ಹೋದರು. ಆಮೇಲೆ ಏನಾಯಿತು ಗೊತ್ತೇ? ಗೋಲು ಹೊಡೆದವರು ಎದುರಾಳಿಗಳು! ಮುಂದೆ ಹೋದ ಹುಡುಗನ ಕಾಲಿನಿಂದ ಚೆಂಡು ಜಾರಿತು, ಅವರಲ್ಲಿ ಇದ್ದಬದ್ದ ಉಸಿರನ್ನೆಲ್ಲ ಹಿಡಿದು ಓಡಿದ ಒಬ್ಬ ಅದನ್ನು ತಂದು ಒಳಗೆ ಹಾಕಿದ. ಒಂದಕ್ಕೆ ಒಂದು ಸಮ. ಗೇಟಿನ ಹತ್ತಿರ ಗದ್ದಲವೆದ್ದಿತು. ಜನ ಆಗಲೇ ಬೆಂಚಿನ ಸುತ್ತ ಸೇರತೊಡಗಿದರು. ಹನ್ನೊಂದು ಜನ ಹುಡುಗರೂ ಕೋಚ್‌ನ ತುಟಿ ನೋಡಿದರು. ತುಟಿ ಅಲ್ಲಾಡುತ್ತಿರಲಿಲ್ಲ.

"ನನ್ನ ಮುಖ ಏನು ನೋಡ್ತೀರಾ? ಹೋಗಿ ಅಂದೆನಲ್ಲ!" ಎಂದು ಕೂಗಿದ.

ಹುಡುಗರು ಮತ್ತೆ ನುಗ್ಗಿದರು. ಆ ಓಟಕ್ಕೆ ಎದುರಾಳಿಗಳು ಪೂರ್ತಿ ಬಸವಳಿದರು. ಕೊನೆಯ ಗಳಿಗೆಯಲ್ಲಿ ಮೈದಾನದ ಮೂಲೆಯಿಂದ ಒದೆಯುವ ಒಂದು ಕಾರ್ನರ್ ಸಿಕ್ಕಿತು. ಕೋಚ್ ತನ್ನ ಗೋಲ್‌ಕೀಪರನ್ನೂ ಮುಂದಕ್ಕೆ ಓಡಿಸಿದ. ಆ ಮಹಾರಾಯ ಜನ್ಮದಲ್ಲಿ ಮಧ್ಯದ ಗೆರೆ ದಾಟಿದವನಲ್ಲ. ಅಲ್ಲಿಗೆ ಹೋಗಿ, ಎಲ್ಲಿ ನಿಲ್ಲಬೇಕು ಎಂದು ಎದುರಾಳಿಯ ಗೋಲ್‌ಕೀಪರನ್ನೇ ಕೇಳಿದನಂತೆ. ಚೆಂಡು ಹಾರಿ ಬಂದಾಗ ಹೆದರಿ ತಿರುಗಿಕೊಂಡ. ಅದು ಅವನ ಬೆನ್ನಿಗೆ ಬಡಿದು ಗೋಲಿನೊಳಗೆ ಹೋಯಿತು. ರೆಫರಿ ಸೀಟಿ ಊದಿದ. ತಂಡ ಉಳಿಯಿತು.

ಆ ಸಂಜೆ ಬೆಂಚಿಗೆ ಎಲ್ಲ ದಿಕ್ಕಿನಿಂದಲೂ ಕಾಫಿ ಬಂತು. ಗಾದೆ ಮುದುಕ "ಗಾಳಿ ಬಂದಾಗ ತೂರಿಕೋ" ಎಂದ. ಎಂಥ ತಲೆ, ಎಂಥ ಎದೆಗಾರಿಕೆ ಎಂದು ಜನ ಕುಣಿದಾಡಿದರು. "ಮುಂದೆ ನುಗ್ಗಿ ಅಂತ ನಾನು ಆವತ್ತಿಂದ ಬಡ್ಕೊಳ್ತಿದ್ದೆ" ಎಂದಳು ಇಡ್ಲಿ ಅಮ್ಮ. ಕೋಚ್ ಕಾಫಿ ಕುಡಿದು ಲೋಟ ಕೆಳಗಿಟ್ಟ.

"ಬೆನ್ನಿಗೆ ಬಡಿದು ಹೋದ ಗೋಲಿಗೆ ನನ್ನ ತಲೆಯನ್ನು ಯಾಕೆ ಹೊಗಳುತ್ತೀರಿ? ಅದು ಹೊರಗೆ ಹೋಗಿದ್ದರೂ ನಾನು ಹುಡುಗರನ್ನು ಕಳಿಸಿದ್ದು ಸರಿಯೇ" ಎಂದ.

ಈ ಮಾತು ಜನಕ್ಕೆ ಅಷ್ಟಾಗಿ ಹಿಡಿಸಲಿಲ್ಲ.

ಮರುವರ್ಷದ ಮೊದಲ ಪಂದ್ಯದಲ್ಲಿ ತಂಡ ಮತ್ತೆ ಒಂದು ಗೋಲು ಮುಂದಿತ್ತು. ಈಗ ನೋಡಿ ನಮ್ಮ ಹುಲಿಯ ಆಟ ಎಂದು ಜನ ಕಾದರು. ಕೋಚ್ ಎಲ್ಲರನ್ನೂ ಹಿಂದಕ್ಕೆ ಕರೆದ. ಆ ದಿನ ಎದುರಾಳಿಗಳು ಕುದುರೆಗಳ ಹಾಗೆ ಓಡುತ್ತಿದ್ದರು, ಏದುಸಿರು ಬಿಡುತ್ತಿದ್ದವರು ಅವನ ಹುಡುಗರು. ಹಿಂದೆ ನಿಂತು ಕಾಯ್ದರು, ಗೆದ್ದರು. ಅದರ ಮುಂದಿನ ಪಂದ್ಯದಲ್ಲಿ ನುಗ್ಗಿದರು, ಸೋತರು. ಪ್ರತಿ ಸಂಜೆಯೂ ಕೋಚ್ ಬೆಂಚಿನ ಮೇಲೆ ಕೂತು ಒಂದೇ ಉತ್ತರ ಹೇಳಿದ: "ಆಟ ನೋಡಿದೆ. ನನಗೆ ಕಂಡದ್ದನ್ನು ಮಾಡಿದೆ."

ಇವನು ಧೈರ್ಯವಂತನೋ ಪುಕ್ಕಲನೋ ಎಂದು ಊರು ತಲೆ ಕೆರೆದುಕೊಂಡಿತು. ಮುದುಕನಿಗೆ ಯಾವ ಗಾದೆ ತೆಗೆಯಬೇಕೆಂದೇ ತಿಳಿಯಲಿಲ್ಲ. ಈ ಮನುಷ್ಯನ ಹತ್ತಿರ ಮಾತೇ ಬೆಳೆಯೋದಿಲ್ಲ ಎಂದು ಇಡ್ಲಿ ಅಮ್ಮ ಬೇಸತ್ತು ಅಂಗಡಿಗೆ ಹೋದಳು. ಸ್ವಲ್ಪ ದಿನಗಳಲ್ಲಿ ಬೆಂಚಿನ ಮುಂದಿನ ಗುಂಪು ಕರಗಿತು. ಆದರೆ ಮೈದಾನದೊಳಗೆ ನೋಡುವವರು ಹೆಚ್ಚಾದರು. ಈ ಕೋಚ್ ಏನು ಮಾಡುತ್ತಾನೆ ಎಂದು ತಿಳಿಯಬೇಕಾದರೆ ಆಟವನ್ನೇ ನೋಡಬೇಕಾಗಿತ್ತು.

ಗುರುಗಳು ಇಲ್ಲಿಗೆ ಕತೆ ನಿಲ್ಲಿಸಿ ನೀರು ಕುಡಿದರು.

ತಿಮ್ಮೇಶನ ಮುಖ ಅರಳಿತ್ತು. ಬಂದಾಗಿನ ಚಿಂತೆ ಕಾಣುತ್ತಿರಲಿಲ್ಲ. "ಅರ್ಥವಾಯಿತು ಗುರುಗಳೇ, ಚೆನ್ನಾಗಿ ಅರ್ಥವಾಯಿತು. ಹಾಗಾದರೆ ನಾಳೆ ಒಂದು ಗೋಲು ಮುಂದಿದ್ದರೆ ಮುನ್ನುಗ್ಗು ಅಂತ ತಾನೇ ನೀವು ಹೇಳುತ್ತಿರುವುದು? ಹೌದು ಅಂತ ಒಂದು ಮಾತು ನಿಮ್ಮ ಬಾಯಿಂದ ಬಂದರೆ ನಾನು ನೆಮ್ಮದಿಯಾಗಿ ಹೋಗುತ್ತೇನೆ" ಎಂದ.

ಅದಕ್ಕೆ ಗುರುಗಳು ನಗುತ್ತಲೇ ಕೇಳಿದರು:

"ಯಾಕಯ್ಯಾ, ನಾಳೆ ಸೋತರೆ 'ಗುರುಗಳು ಹೇಳಿದ್ದರು' ಅನ್ನುವುದಕ್ಕೋ?"